‘ಮಾ’ ಯಾರಿಗೆ ಹಚ್ಚಬೇಕು? ಜಾರ್ಜಿಯನ್ ವಿಭಕ್ತಿಯೊಂದನ್ನು ಕಲಿತ ಪ್ರಕರಣ

ಎಕಿಮಿ ಗಾಸಿಂಜಾ ಪಾತ್ಸಿಯೆಂತ್‌ಮಾ.

ಜಾರ್ಜಿಯಾ ದೇಶದ ರಾಜಧಾನಿ ಟಿಬಿಲಿಸಿಯ ಒಂದು ಆಸ್ಪತ್ರೆಯ ವಾರ್ಡಿನಲ್ಲಿ, ಮೆಡಿಕಲ್ ಓದುತ್ತಿರುವ ದಾವಣಗೆರೆ ಕಡೆಯ ಹುಡುಗಿಯೊಬ್ಬಳು ನರ್ಸ್ ಮುಂದೆ ಹೇಳಿದ ವಾಕ್ಯ ಇದು. ಎಕಿಮಿ ಅಂದರೆ ಡಾಕ್ಟರು, ಪಾತ್ಸಿಯೆಂತಿ ಅಂದರೆ ರೋಗಿ, ಗಾಸಿಂಜಾ ಅಂದರೆ ಪರೀಕ್ಷೆ ಮಾಡಿದರು. ‘ಡಾಕ್ಟರು ರೋಗಿಯನ್ನು ಪರೀಕ್ಷೆ ಮಾಡಿದರು’ ಎಂದು ಹೇಳಲು ಅವಳು ಹೊರಟಿದ್ದಳು. ನರ್ಸ್ ಕೇಳಿಸಿಕೊಂಡದ್ದು ‘ರೋಗಿ ಡಾಕ್ಟರನ್ನು ಪರೀಕ್ಷೆ ಮಾಡಿದ’ ಎಂದು. ಅವರು ನಕ್ಕರು, ಪಕ್ಕದ ಹಾಸಿಗೆಯ ಅಜ್ಜಿಯೂ ನಕ್ಕರು. ಯಾಕೆ ನಗುತ್ತಿದ್ದಾರೆ ಎಂದು ಹುಡುಗಿಗೆ ಮಾತ್ರ ಗೊತ್ತಾಗಲಿಲ್ಲ.

ಅವಳು ನನಗೆ ಪರಿಚಯದವಳು, ಆಗಾಗ ಭಾಷೆಯ ಸಂದೇಹ ತಗೊಂಡು ಬರುತ್ತಾಳೆ. ಈ ಸಲ ನೋಟ್‌ಬುಕ್ಕನ್ನೇ ತಂದಳು. ಅದನ್ನು ನೋಡಿದ ಮೇಲೆ ಇದು ಬರೆದಿಡಬೇಕಾದ ವಿಷಯ ಅನ್ನಿಸಿತು. ಕನ್ನಡದವರು ಜಾರ್ಜಿಯನ್ ಕಲಿಯುವಾಗ ಎಡವುವ ಜಾಗ ಅಷ್ಟು ಸ್ಪಷ್ಟವಾಗಿ ಆ ಪುಟಗಳಲ್ಲಿ ಕಾಣುತ್ತಿತ್ತು. ಅವಳ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಜಾರ್ಜಿಯನ್ನಿನ 33 ಅಕ್ಷರಗಳಲ್ಲಿ ಕೆಲವನ್ನು ಗಂಟಲಲ್ಲಿ ಉಸಿರು ಹಿಡಿದು ಹೇಳಬೇಕು. ಅವಕ್ಕೆ ನಮ್ಮಲ್ಲಿ ಅಕ್ಷರವಿಲ್ಲ. ಹಾಗಾಗಿ ಇಲ್ಲಿ ಬರೆದಿರುವ ಉಚ್ಚಾರಣೆ ಹತ್ತಿರದ್ದು, ಅಷ್ಟೇ.

ನಾನು, ನೀನು ಇರುವ ತನಕ ತೊಂದರೆಯಿಲ್ಲ

ಜಾರ್ಜಿಯಾದಲ್ಲಿ ಸಾವಿರಾರು ಭಾರತೀಯ ವಿದ್ಯಾರ್ಥಿಗಳು ಮೆಡಿಕಲ್ ಓದುತ್ತಾರೆ. ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ. ಅಂಗಡಿ, ಬಸ್ಸು, ಮನೆ ಓನರು, ಇಷ್ಟಕ್ಕೆ ಬೇಕಾದ ಜಾರ್ಜಿಯನ್ ಬಂದರೆ ಮೊದಲ ವರ್ಷಗಳು ಕಳೆದುಹೋಗುತ್ತವೆ. ನಮ್ಮ ಹುಡುಗಿಗೆ ಅದಕ್ಕಿಂತ ಜಾಸ್ತಿಯೇ ಬರುತ್ತಿತ್ತು. ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡುವಷ್ಟು ಮಾತು ಇತ್ತು.

ಆದರೆ ಅದೆಲ್ಲ ನಾನು ಮತ್ತು ನೀವು ನಡುವಿನ ಮಾತು. ಜಾರ್ಜಿಯನ್ನಿನಲ್ಲಿ ‘ನಾನು’ ಅನ್ನುವುದಕ್ಕೆ ಮೇ, ‘ನೀನು’ ಅನ್ನುವುದಕ್ಕೆ ಶೆನ್. ಈ ಎರಡು ಸರ್ವನಾಮಗಳು, ಇವುಗಳ ಬಹುವಚನಗಳೂ ಸೇರಿ, ನಾವು ಮಾತಾಡಲಿರುವ ಮೂರು ವಿಭಕ್ತಿಗಳಲ್ಲಿ ಬದಲಾಗುವುದೇ ಇಲ್ಲ. ‘ನಾನು ಕುಡಿಯುತ್ತೇನೆ’ ಅಂದರೆ ಮೇ ವ್ಸ್ವಾಮ್. ‘ನಾನು ಕುಡಿದೆ’ ಅಂದರೆ ಮೇ ದಾವ್ಲಿಯೆ. ಮೇ ಹಾಗೇ ಇದೆ. ಕ್ರಿಯಾಪದ ಸರಿಯಾಗಿ ಬಂದರೆ ಸಾಕು, ವಾಕ್ಯವೂ ಸರಿ. ‘ಯಾರು’ ಅನ್ನುವ ವಿನ್ ಕೂಡ ಇಲ್ಲಿ ಸಹಾಯ ಮಾಡುವುದಿಲ್ಲ. ‘ಯಾರು ಪರೀಕ್ಷೆ ಮಾಡಿದರು’ ಅಂತ ಕೇಳಿದರೂ ಅದು ವಿನ್ ಆಗಿಯೇ ಇರುತ್ತದೆ.

ವಾರ್ಡಿಗೆ ಕಾಲಿಟ್ಟ ದಿನದಿಂದ ‘ನಾನು’ ಹಿಂದೆ ಸರಿಯಿತು. ರೋಗಿ ಬಂದರು, ರೋಗಿ ಮಾತ್ರೆ ತಗೊಂಡರು, ಮಗು ಅತ್ತಿತು, ಡಾಕ್ಟರು ನೋಡಿದರು. ಎಲ್ಲ ಬೇರೆಯವರ ಕಥೆ, ಅದೂ ಆಗಿಹೋದ ಕಥೆ. ಆಗ ಎಷ್ಟೋ ಕ್ರಿಯಾಪದಗಳಲ್ಲಿ ಕರ್ತೃವಿನ ಬೆನ್ನಿಗೆ ‘ಮಾ’ ಅನ್ನುವ ಪ್ರತ್ಯಯ ಬಂದು ಕೂರುತ್ತದೆ. ಜಾರ್ಜಿಯನ್ ವ್ಯಾಕರಣದಲ್ಲಿ ಅದರ ಹೆಸರು ಮೋತ್ಖ್ರೋಬಿತಿ. ಕಥೆ ಹೇಳುವಾಗ ಬರುವ ವಿಭಕ್ತಿ ಅಂತ ಅರ್ಥ. ಇಂಗ್ಲಿಷ್ ಪುಸ್ತಕಗಳಲ್ಲಿ ಎರ್ಗೆಟಿವ್ ಅಂತ ಇರುತ್ತದೆ.

ಸರ್ವನಾಮ ಕಲಿಸುವ ಮೊದಲ ಪಾಠದಲ್ಲೇ ಇದನ್ನು ಹೇಳಿಬಿಡಬೇಕು ಅಂತ ನನ್ನ ಅಭಿಪ್ರಾಯ. ‘ಈಗ ನಿಮಗೆ ಏನೂ ಬದಲಾಗುತ್ತಿಲ್ಲ ಅನ್ನಿಸುತ್ತದೆ, ಬೇರೆಯವರ ವಿಷಯ ಬಂದಾಗ ಬದಲಾಗುತ್ತದೆ’ ಎಂದು ಒಂದು ಸಾಲು ಹೇಳಿದರೂ ಸಾಕಿತ್ತು.

ಏಳಕ್ಕೆ ಏಳು ಹೊಂದಿಸಿದ ಪುಟ

ನೋಟ್‌ಬುಕ್ಕಿನ ನಡುವೆ ಒಂದು ಪಟ್ಟಿ ಇತ್ತು. ಎಡಗಡೆ ಜಾರ್ಜಿಯನ್ನಿನ ಏಳು ವಿಭಕ್ತಿಗಳು, ಬಲಗಡೆ ಕನ್ನಡದ ಏಳು. ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ಶಾಲೆಯಲ್ಲಿ ರಾಗವಾಗಿ ಒಪ್ಪಿಸಿದ್ದು ಯಾರಿಗೆ ಮರೆಯುತ್ತೆ? ಸಾಲಿಗೆ ಸಾಲು ಗೆರೆ ಎಳೆದು ಜೋಡಿಸಿದ್ದಳು. ಜಾರ್ಜಿಯನ್ ಪುಸ್ತಕಗಳಲ್ಲಿ ಮೊದಲ ಸಾಲು ಎಕಿಮಿ, ಎರಡನೆಯದು ಎಕಿಮ್ಮಾ, ಮೂರನೆಯದು ಎಕಿಮ್ಸ್. ಹಾಗಾಗಿ ಎರಡನೆಯ ಸಾಲಿನ ‘ಮಾ’ ಹೋಗಿ ದ್ವಿತೀಯಾ ವಿಭಕ್ತಿಯ ‘ಅನ್ನು’ ಜೊತೆ ಕೂತಿತ್ತು.

ಎರಡೂ ಕಡೆ ಏಳೇ ಇರುವುದು ಬರೀ ಕಾಕತಾಳೀಯ. ಜಾರ್ಜಿಯನ್ನಿನಲ್ಲಿ ‘ಅನ್ನು’ ಅನ್ನುವುದಕ್ಕೆ ಬೇರೆ ವಿಭಕ್ತಿಯೇ ಇಲ್ಲ. ಅವರ ಏಳರಲ್ಲಿ ಕೂಗಿ ಕರೆಯುವ ಸಂಬೋಧನೆಯೂ ಒಂದು. ‘ಅಲ್ಲಿ’ ಬೇಕಾದರೆ ಬೇರೆ ಪ್ರತ್ಯಯ ಸೇರಿಸಿಕೊಳ್ಳುತ್ತಾರೆ.

ಇನ್ನೂ ಕುತೂಹಲ ಹುಟ್ಟಿಸಿದ್ದು ಅವಳ ತಪ್ಪು ಎಲ್ಲಿ ಇರಲಿಲ್ಲ ಅನ್ನುವುದು. ‘ರೋಗಿ ಮಾತ್ರೆ ತಗೊಂಡ’ ಅನ್ನುವುದಕ್ಕೆ ಅವಳು ಪಾತ್ಸಿಯೆಂತಿ ದಾಲಿಯಾ ತ್ಸಾಮಾಲಿ ಎಂದು ಬರೆದಿದ್ದಳು. ಅವರ ಭಾಷೆಯಲ್ಲಿ ಔಷಧಿಯನ್ನು, ಮಾತ್ರೆಯಾದರೂ ಸರಿ, ಕುಡಿಯುತ್ತಾರೆ. ಇದರಲ್ಲಿ ತ್ಸಾಮಾಲಿ ಸರಿ, ಪಾತ್ಸಿಯೆಂತಿ ತಪ್ಪು. ‘ಡಾಕ್ಟರು ರೋಗಿಯನ್ನು ನೋಡಿದರು’ ಅನ್ನುವಾಗ ಮಾತ್ರ ಎರಡೂ ತಪ್ಪು. ಯಾಕೆ ಹೀಗೆ?

ಕನ್ನಡವೇ ಕಾರಣ. ‘ಮಾತ್ರೆ ನುಂಗಿದ’, ‘ಕಾಫಿ ಕುಡಿದ’ ಅನ್ನುತ್ತೇವೆ, ‘ಅನ್ನು’ ಬೇಕಿಲ್ಲ. ‘ಡಾಕ್ಟರು ರೋಗಿ ನೋಡಿದರು’ ಅಂದರೆ ಕಿವಿಗೆ ಒಗ್ಗುವುದಿಲ್ಲ. ಮನುಷ್ಯರಾದರೆ ‘ಅನ್ನು’ ಬೇಕೇ ಬೇಕು. ಶಾಲೆಯಲ್ಲಿ ಕಲಿತ ಹಿಂದಿಯೂ ಅದನ್ನೇ ಹೇಳುತ್ತದೆ: ದವಾಯೀ ಪೀ, ಆದರೆ ಮರೀಜ್ ಕೋ ದೇಖಾ. ಹೀಗೆ ರೋಗಿಯ ಮೇಲೆ ಏನಾದರೂ ಹಚ್ಚಲೇಬೇಕು ಎಂದು ಎರಡು ಭಾಷೆಗಳು ಅವಳನ್ನು ತಳ್ಳುತ್ತಿದ್ದವು. ಭೂತಕಾಲದಲ್ಲಿ ‘ಮಾ’ ಬರುತ್ತದೆ ಅಂತ ಗೊತ್ತಿತ್ತು. ತಗೊಂಡು ರೋಗಿಗೆ ಹಚ್ಚಿದಳು. ಜಾರ್ಜಿಯನ್ನಿನಲ್ಲಿ ಪದಗಳನ್ನು ಹಿಂದೆ ಮುಂದೆ ಇಟ್ಟರೂ ನಡೆಯುತ್ತದೆ. ಕೇಳುವವರು ‘ಮಾ’ ಯಾರ ಮೇಲಿದೆ ಅಂತ ನೋಡಿಯೇ ಅರ್ಥ ಮಾಡಿಕೊಳ್ಳುತ್ತಾರೆ. ರೋಗಿ ಡಾಕ್ಟರಾಗಿಬಿಟ್ಟ.

ಪಟ್ಟಿಯ ಪುಟವನ್ನು ಹೊಡೆದುಹಾಕಿ, ಇನ್ನೊಂದು ಹಾಳೆಯಲ್ಲಿ ಮೂರು ವಾಕ್ಯ ಬರೆದುಕೊಟ್ಟೆ.

ಎಕಿಮಿ ಸಿಂಜಾವ್ಸ್ ಪಾತ್ಸಿಯೆಂತ್‌ಸ್: ಡಾಕ್ಟರು ರೋಗಿಯನ್ನು ಪರೀಕ್ಷೆ ಮಾಡುತ್ತಿದ್ದಾರೆ.
ಎಕಿಮ್ಮಾ ಗಾಸಿಂಜಾ ಪಾತ್ಸಿಯೆಂತಿ: ಡಾಕ್ಟರು ರೋಗಿಯನ್ನು ಪರೀಕ್ಷೆ ಮಾಡಿದರು.
ಎಕಿಮ್ಸ್ ಗಾಉಸಿಂಜಾವ್ಸ್ ಪಾತ್ಸಿಯೆಂತಿ: ಡಾಕ್ಟರು ರೋಗಿಯನ್ನು ಪರೀಕ್ಷೆ ಮಾಡಿದ್ದಾರಂತೆ.

ಕೆಲಸ ಅದೇ, ಮಾಡಿದವರೂ ಅವರೇ. ಡಾಕ್ಟರು ಮಾತ್ರ ಮೂರು ರೂಪದಲ್ಲಿದ್ದಾರೆ. ಈ ಭಾಷೆಯ ಕ್ರಿಯಾರೂಪಗಳನ್ನು ಇಂಥ ಮೂರು ಸರಣಿಗಳಾಗಿ ಜೋಡಿಸಿ ವಿವರಿಸಿದವರು ಜಾರ್ಜಿಯನ್ ಭಾಷಾವಿದ್ವಾಂಸ ಅಕಾಕಿ ಶಾನಿಡ್ಜೆ (1887–1987). ಯಾವ ಸರಣಿ ಅನ್ನುವುದರ ಮೇಲೆ ಕರ್ತೃ, ಕರ್ಮಗಳ ವಿಭಕ್ತಿ ನಿಲ್ಲುತ್ತದೆ. ಮೂರನೆಯದನ್ನು ಸದ್ಯಕ್ಕೆ ಬಿಡು ಅಂದೆ.

‘ಅಕ್ಕ, ಇದು ಇಂದ ಅಲ್ವಾ?’

ಎರಡನೇ ವಾಕ್ಯವನ್ನು ಸ್ವಲ್ಪ ಹೊತ್ತು ನೋಡಿ ಅವಳು ಕೇಳಿದ್ದು ಇದನ್ನು. ‘ಡಾಕ್ಟರಿಂದ ರೋಗಿ ಪರೀಕ್ಷಿಸಲ್ಪಟ್ಟ. ಹಂಗಾದ್ರೆ ಎಕಿಮ್ಮಾ ಅಂದ್ರೆ ಡಾಕ್ಟರಿಂದ. ರೋಗಿ ಮೇಲೆ ಏನೂ ಇಲ್ದೇ ಇರೋದೂ ಸರಿಹೋಯ್ತು.’

ಜಾಣ ಊಹೆ. ಬರೀ ನಾಮಪದಗಳನ್ನು ನೋಡಿದರೆ ಕೂಡಿ ಬರುತ್ತದೆ ಕೂಡ. ಆದರೆ ಕ್ರಿಯಾಪದ ಒಪ್ಪುವುದಿಲ್ಲ. ಡಾಕ್ಟರುಗಳು ಇಬ್ಬರಾಗಲಿ, ರೋಗಿ ಒಬ್ಬನೇ ಇರಲಿ. ಆಗ ಎಕಿಮೆಬ್ಮಾ ಗಾಸಿಂಜೆಸ್ ಪಾತ್ಸಿಯೆಂತಿ ಆಗುತ್ತದೆ. ಗಾಸಿಂಜಾ ಹೋಗಿ ಗಾಸಿಂಜೆಸ್ ಆದದ್ದು ಡಾಕ್ಟರು ಬಹುವಚನ ಆದ್ದರಿಂದ. ಕನ್ನಡದಲ್ಲಿ ‘ಡಾಕ್ಟರುಗಳಿಂದ ರೋಗಿ ಪರೀಕ್ಷಿಸಲ್ಪಟ್ಟ’ ಅಂದರೆ ಕ್ರಿಯಾಪದ ರೋಗಿಯ ಹಿಂದೆ ಹೋಗುತ್ತದೆ. ಇಲ್ಲಿ ಡಾಕ್ಟರ ಹಿಂದೆ ಹೋಗುತ್ತಿದೆ. ಅಂದರೆ ಎಕಿಮ್ಮಾ ಪಕ್ಕಾ ಕರ್ತೃ. ‘ಇಂದ’ದ ವಾಸನೆಯೂ ಇಲ್ಲ.

ಇದನ್ನು ಒಪ್ಪಿಕೊಂಡ ಮೇಲೆ ಅವಳು ಇನ್ನೊಂದು ತುದಿಗೆ ಹೋದಳು. ಭೂತಕಾಲ ಬಂದರೆ ಸಾಕು, ಎಲ್ಲ ಕರ್ತೃಗಳಿಗೂ ‘ಮಾ’. ಪಾತ್ಸಿಯೆಂತ್‌ಮಾ ಮೋವಿದಾ ಎಂದು ಬರೆದುಕೊಂಡು ಬಂದಳು. ‘ರೋಗಿ ಬಂದ’ ಅನ್ನುವುದಕ್ಕೆ. ತಪ್ಪು. ಮೋವಿದಾ ಅನ್ನುವ ಕ್ರಿಯೆ ಭೂತಕಾಲದಲ್ಲೂ ಪಾತ್ಸಿಯೆಂತಿ ಎಂದೇ ಕೇಳುತ್ತದೆ. ತಮಾಷೆ ಅಂದರೆ ಏನೂ ಗೊತ್ತಿಲ್ಲದಾಗ ಇದೇ ವಾಕ್ಯವನ್ನು ಸರಿಯಾಗಿ ಬರೆದಿದ್ದಳು.

ಆಗ ಹಿಂದಿಯ ‘ನೇ’ ನೆನಪಿಸಿದೆ. ಮರೀಜ್ ಆಯಾ, ಮರೀಜ್ ನೇ ದವಾಯೀ ಪೀ. ಬಂದದ್ದಕ್ಕೆ ‘ನೇ’ ಇಲ್ಲ, ಕುಡಿದದ್ದಕ್ಕೆ ಉಂಟು. ಕನ್ನಡ ಮಕ್ಕಳು ಹಿಂದಿ ಪರೀಕ್ಷೆಯಲ್ಲಿ ಇದಕ್ಕೆ ಮಾರ್ಕ್ಸ್ ಕಳೆದುಕೊಂಡವರೇ. ಅವಳ ಮುಖ ಅರಳಿತು. ‘ಓ, ಸಕರ್ಮಕ ಆದ್ರೆ ಮಾ!’

ಈ ಸೂತ್ರ ಒಂದು ಹಂತದ ತನಕ ಚೆನ್ನಾಗಿ ನಡೆಯುತ್ತದೆ. ಅದಕ್ಕೇ ಅದು ಅಪಾಯ.

ಅತ್ತ ಮಗು

ಮಕ್ಕಳ ವಾರ್ಡಿನಲ್ಲಿ ಸೂತ್ರ ಮುರಿಯಿತು. ಮಗು ಅಂದರೆ ಬಾವ್ಶ್ವಿ. ‘ಮಗು ಅತ್ತಿತು’ ಅನ್ನುವುದಕ್ಕೆ ಅವಳು ಬಾವ್ಶ್ವಿ ಇತಿರಾ ಅಂದಳು. ಹಿಂದಿಯಲ್ಲಿ ಬಚ್ಚಾ ರೋಯಾ, ‘ನೇ’ ಇಲ್ಲ. ಅಳುವುದಕ್ಕೆ ಕರ್ಮ ಇಲ್ಲವಲ್ಲ. ಆದರೆ ಜಾರ್ಜಿಯನ್ನರು ಹೇಳುವುದು ಬಾವ್ಶ್ವ್‌ಮಾ ಇತಿರಾ. ಮಗು ನಕ್ಕರೂ ‘ಮಾ’: ಬಾವ್ಶ್ವ್‌ಮಾ ಗಾಯಿತ್ಸಿನಾ. ನಿದ್ದೆ ಹೋದರೂ ‘ಮಾ’: ಬಾವ್ಶ್ವ್‌ಮಾ ದಾಯಿದ್ಜಿನಾ. ಬಿದ್ದರೆ ಮಾತ್ರ ಬಾವ್ಶ್ವಿ ದಾಯೆತ್ಸಾ, ‘ಮಾ’ ಇಲ್ಲ.

ಬೇಕೆಂದು ಮಾಡಿದ್ದಕ್ಕೆ ‘ಮಾ’, ತಾನಾಗಿ ಆದದ್ದಕ್ಕೆ ಇಲ್ಲ ಅಂತ ಹೇಳೋಣವೇ? ನಗು, ಅಳು, ಕೆಲಸ, ಕುಣಿತ ಇವಕ್ಕೆ ಅದು ಹೊಂದುತ್ತದೆ. ಆದರೆ ರೋಗಿ ಬಂದದ್ದು ಬೇಕೆಂದೇ ಅಲ್ವಾ? ಅವನಿಗೆ ‘ಮಾ’ ಇಲ್ಲ. ನಿದ್ದೆ ಯಾರು ಬೇಕೆಂದು ಮಾಡುತ್ತಾರೆ? ಅದಕ್ಕೆ ಉಂಟು. ಅರ್ಥದ ಹಿಂದೆ ಹೋದರೆ ಹೀಗೆ ಸುತ್ತುತ್ತಲೇ ಇರಬೇಕಾಗುತ್ತದೆ.

ಕೆಲಸಕ್ಕೆ ಬಂದದ್ದು ಒಂದು ಸಣ್ಣ ಗುರುತು. ಕ್ರಿಯಾಪದದ ಭೂತಕಾಲವನ್ನು ‘ಅವರು’ ಅನ್ನುವ ಬಹುವಚನಕ್ಕೆ ತಿರುಗಿಸಿ ನೋಡುವುದು. ಅದು ‘ಎಸ್’ ಎಂದು ಮುಗಿದರೆ ಕರ್ತೃವಿಗೆ ‘ಮಾ’ ಬರುತ್ತದೆ. ‘ನೆನ್’ ಎಂದು ಮುಗಿದರೆ ಬರುವುದಿಲ್ಲ. ಗಾಸಿಂಜೆಸ್, ದಾಲಿಯೆಸ್, ಇತಿರೆಸ್, ಗಾಯಿತ್ಸಿನೆಸ್, ದಾಯಿದ್ಜಿನೆಸ್ ಒಂದು ಗುಂಪು. ಮೋವಿದ್ನೆನ್ (ಬಂದರು), ತ್ಸಾವಿದ್ನೆನ್ (ಹೋದರು), ದಾಯೆತ್ಸ್ನೆನ್ (ಬಿದ್ದರು), ಅದ್ಗ್ನೆನ್ (ಎದ್ದರು) ಇನ್ನೊಂದು. ಸಕರ್ಮಕ, ಅಕರ್ಮಕ, ಇಚ್ಛೆ ಯಾವುದನ್ನೂ ಯೋಚಿಸಬೇಕಿಲ್ಲ. ಹೊಸ ಕ್ರಿಯಾಪದ ಕಲಿತಾಗಲೆಲ್ಲ ಈ ರೂಪವನ್ನೂ ಜೊತೆಗೆ ಕಲಿತರೆ ಆಯಿತು. ಅವಳ ನೋಟ್‌ಬುಕ್ಕಿನಲ್ಲಿ ಆಮೇಲಿಂದ ಪ್ರತಿ ಕ್ರಿಯಾಪದದ ಮುಂದೆ ‘ಎಸ್’ ಅಥವಾ ‘ನೆನ್’ ಕಾಣತೊಡಗಿತು.

ಈ ಗುರುತಿನ ಬೆಲೆ ಪೂರ್ತಿ ಗೊತ್ತಾದದ್ದು ದಾತ್ಸ್ವಾ ಅನ್ನುವ ಪದದಿಂದ. ಪಾತ್ಸಿಯೆಂತಿ ದಾತ್ಸ್ವಾ ಅಂದರೆ ರೋಗಿ ಮಲಗಿದ. ಪಾತ್ಸಿಯೆಂತ್‌ಮಾ ದಾತ್ಸ್ವಾ ಅಂದರೆ ರೋಗಿ ಸುಟ್ಟುಹಾಕಿದ, ಏನನ್ನೋ. ಕ್ರಿಯಾಪದದ ರೂಪ ಒಂದೇ. ಎರಡರ ಮೂಲ ಬೇರೆ, ಅದು ಬಹುವಚನದಲ್ಲಿ ಬಯಲಾಗುತ್ತದೆ: ಮಲಗಿದರು ದಾತ್ಸ್ವ್ನೆನ್, ಸುಟ್ಟರು ದಾತ್ಸ್ವೆಸ್. ‘ಎಲ್ಲರಿಗೂ ಮಾ’ ಅನ್ನುವ ಹಂತದಲ್ಲಿ ಅವಳು ಇದನ್ನು ವಾರ್ಡಿನಲ್ಲಿ ಹೇಳದೆ ಇದ್ದದ್ದು ಪುಣ್ಯ.

ಬೇಕು

ಇಷ್ಟಾದರೂ ಅವಳ ತಲೆಯಲ್ಲಿ ‘ಮಾ ಅಂದರೆ ಭೂತಕಾಲ’ ಅನ್ನುವ ನಂಟು ಗಟ್ಟಿಯಾಗಿತ್ತು. ಅದನ್ನು ಬಿಡಿಸಿದ್ದು ಡಿಸ್ಚಾರ್ಜ್ ಆಗುವವರಿಗೆ ಹೇಳುವ ಮಾತುಗಳು.

ಪಾತ್ಸಿಯೆಂತ್‌ಮಾ ಉಂದಾ ದಾಲಿಯೋಸ್ ತ್ಸಾಮಾಲಿ: ರೋಗಿ ಮಾತ್ರೆ ತಗೋಬೇಕು.
ಪಾತ್ಸಿಯೆಂತಿ ಉಂದಾ ಮೋವಿದೆಸ್ ಖ್ವಾಲ್: ರೋಗಿ ನಾಳೆ ಬರಬೇಕು.

ಇನ್ನೂ ನಡೆಯದ ಕೆಲಸ, ಆದರೂ ‘ಮಾ’ ಬಂದಿದೆ. ‘ದಾಲಿಯೋಸ್’ ಅನ್ನುವ ರೂಪ ‘ದಾಲಿಯಾ’ ಇರುವ ಎರಡನೇ ಸರಣಿಯದ್ದೇ. ಸರಣಿ ಅದೇ ಆದ್ದರಿಂದ ವಿಭಕ್ತಿಯೂ ಅದೇ. ಬರುವುದು ‘ನೆನ್’ ಗುಂಪು, ಹಾಗಾಗಿ ಅದಕ್ಕೆ ಇಲ್ಲಿಯೂ ‘ಮಾ’ ಇಲ್ಲ.

ಇದರ ಪಕ್ಕದಲ್ಲೇ ಮೂರನೆಯದು ಇಟ್ಟೆ. ಪಾತ್ಸಿಯೆಂತ್‌ಸ್ ಉಂದಾ ತ್ಸ್ಕಾಲಿ: ರೋಗಿಗೆ ನೀರು ಬೇಕು.

ಉಂದಾ ಮೂರರಲ್ಲೂ ಇದೆ, ರೋಗಿಯ ರೂಪ ಮಾತ್ರ ಮೂರು ಥರ. ಇಂಗ್ಲಿಷ್ ಬಲ್ಲವನು ಇಲ್ಲಿ ತಲೆ ಕೆರೆದುಕೊಳ್ಳಬಹುದು. ಕನ್ನಡದವರಿಗೆ ಏನು ಕಷ್ಟ? ‘ರೋಗಿಗೆ ನೀರು ಬೇಕು’ ಅನ್ನುತ್ತೇವೆ, ‘ರೋಗಿ ನೀರು ಕುಡಿಯಬೇಕು’ ಅನ್ನುತ್ತೇವೆ. ಒಂದರಲ್ಲಿ ‘ಗೆ’ ಇದೆ, ಇನ್ನೊಂದರಲ್ಲಿ ಇಲ್ಲ. ಯಾಕೆ ಅಂತ ಯಾರೂ ನಮಗೆ ಹೇಳಿಕೊಟ್ಟಿಲ್ಲ. ಬೇಕು, ಗೊತ್ತು, ಇಷ್ಟ, ಹಸಿವು, ಚಳಿ, ಇವೆಲ್ಲ ‘ಗೆ’ ಕೇಳುತ್ತವೆ, ಕೊಡುತ್ತೇವೆ. ರೋಗಿಗೆ ತಲೆನೋವು ಅನ್ನುವುದು ಪಾತ್ಸಿಯೆಂತ್‌ಸ್ ತಾವಿ ಸ್ತ್ಕಿವಾ. ರೋಗಿಗೆ ಜ್ವರ ಇದೆ ಅನ್ನುವುದು ಪಾತ್ಸಿಯೆಂತ್‌ಸ್ ಸಿತ್ಸ್ಖೆ ಅಕ್ವ್ಸ್. ಇಂಥ ವಾಕ್ಯಗಳು ಅವಳ ನೋಟ್‌ಬುಕ್ಕಿನಲ್ಲಿ ಮೊದಲ ಪುಟದಿಂದಲೂ ಸರಿಯಾಗಿಯೇ ಇದ್ದವು. ಯಾರೂ ತಿದ್ದಿರಲಿಲ್ಲ, ತಿದ್ದುವ ಅಗತ್ಯವೂ ಬಿದ್ದಿರಲಿಲ್ಲ.

ಈ ಪ್ರಕರಣದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇಲ್ಲಿದೆ. ಕರ್ತೃ ಹೇಗಿರಬೇಕು ಎನ್ನುವುದನ್ನು ಕ್ರಿಯಾಪದ ಗೊತ್ತು ಮಾಡುತ್ತದೆ ಅನ್ನುವ ಸಂಗತಿ ಕನ್ನಡದವರಿಗೆ ಹೊಸದಲ್ಲ. ‘ಗೆ’ ವಿಷಯದಲ್ಲಿ ದಿನಾ ಮಾಡುವುದು ಅದನ್ನೇ. ಜಾರ್ಜಿಯನ್ ಅದನ್ನು ‘ಮಾ’ಗೂ ಹಬ್ಬಿಸಿದೆ. ಹುಡುಗಿ ‘ಮಾ’ದ ಅರ್ಥ ಹುಡುಕುತ್ತಿದ್ದಳು: ಅನ್ನು, ಇಂದ, ಭೂತಕಾಲ, ಸಕರ್ಮಕ, ಹೀಗೆ ಒಂದಾದ ಮೇಲೊಂದು. ಹುಡುಕಬೇಕಾಗಿದ್ದದ್ದು ಈ ಕ್ರಿಯಾಪದ, ಈ ಸರಣಿಯಲ್ಲಿ, ಏನು ಕೇಳುತ್ತದೆ ಎನ್ನುವುದನ್ನು.

ರೂಪದ ವಿಷಯ, ಬೇಗ

‘ಮಾ’ ಹಚ್ಚುವ ಕ್ರಮ ಸುಲಭ. ವ್ಯಂಜನಕ್ಕೆ ಮುಗಿಯುವ ಮೂಲರೂಪಕ್ಕೆ ‘ಮಾ’, ಸ್ವರಕ್ಕೆ ಮುಗಿಯುವುದಕ್ಕೆ ಬರೀ ‘ಮ್’. ತಾಯಿ ಅಂದರೆ ದೆದಾ, ದೆದಾಮ್. ನರ್ಸ್ ಅಂದರೆ ಎಕ್ತಾನಿ, ಎಕ್ತಾನ್ಮಾ. ಕೊನೆಯ ‘ಇ’ ಸಾಮಾನ್ಯವಾಗಿ ಪ್ರಥಮಾ ವಿಭಕ್ತಿಯ ಗುರುತು, ಅದು ಬಿದ್ದುಹೋಗುತ್ತದೆ. ಆದರೆ ಗಿಯೋರ್ಗಿ ಅನ್ನುವ ಹೆಸರಿನ ‘ಇ’ ಹೆಸರಿನದ್ದೇ ಭಾಗ, ಹಾಗಾಗಿ ಗಿಯೋರ್ಗಿಮ್. ಗಿಯೋರ್ಗಿ ಇಲ್ಲದ ವಾರ್ಡು ಜಾರ್ಜಿಯಾದಲ್ಲಿ ಸಿಗುವುದು ಕಷ್ಟ, ಬೇಗ ರೂಢಿಯಾಗುತ್ತದೆ. ಅಡ್ಡಹೆಸರು ‘ಶ್ವಿಲಿ’ ಎಂದಿದ್ದರೆ ಶ್ವಿಲ್ಮಾ, ‘ಡ್ಜೆ’ ಎಂದಿದ್ದರೆ ಡ್ಜೆಮ್. ಮುಂದಿನ ವಿಶೇಷಣವೂ ಬದಲಾಗುತ್ತದೆ: ಎಸ್ ಅಖಾಲಿ ಎಕಿಮಿ (ಈ ಹೊಸ ಡಾಕ್ಟರು) ಹೋಗಿ ಅಮ್ ಅಖಾಲ್ಮಾ ಎಕಿಮ್ಮಾ. ‘ಅವನು’ ಅನ್ನುವ ಇಸ್ ಹೋಗಿ ಮಾನ್.

ಒಂದು ಹಠಮಾರಿ ಇದೆ, ಇತ್ಸಿಸ್. ‘ಗೊತ್ತಿದೆ’ ಅಂತ ಅರ್ಥ. ವರ್ತಮಾನಕಾಲದ ಮಾತಾದರೂ ಎಕಿಮ್ಮಾ ಇತ್ಸಿಸ್ ಎಂದೇ ಹೇಳಬೇಕು. ಇದಕ್ಕೆ ಸೂತ್ರ ಹುಡುಕಬೇಡ, ಸುಮ್ನೆ ಬಾಯಿಪಾಠ ಮಾಡು ಅಂದೆ. ಅವಳು ‘ಡಾಕ್ಟರಿಗೆ ಗೊತ್ತು’ ಅನ್ನುವ ಕನ್ನಡದ ಅಭ್ಯಾಸಕ್ಕೆ ಎಕಿಮ್ಸ್ ಇತ್ಸಿಸ್ ಅನ್ನುತ್ತಿದ್ದಳು. ಕನ್ನಡ ಕೈಕೊಡುವ ಜಾಗವೂ ಇದೆ, ನೋಡಿ.

ಈಗಿನ ಸ್ಥಿತಿ

ಅವಳ ಮಾತಿನಲ್ಲಿ ಎರಡನೇ ಸರಣಿ ಬಹುಪಾಲು ನೆಟ್ಟಗಾಗಿದೆ. ಕಿವಿಯೂ ಚುರುಕಾಗಿದೆ. ಎಕಿಮ್ಮಾ ಗಾಮ್ಸಿಂಜಾ, ‘ಡಾಕ್ಟರು ನನ್ನನ್ನು ನೋಡಿದರು’ ಎಂದು ರೋಗಿಗಳು ದಿನಾ ಹೇಳುತ್ತಿರುತ್ತಾರೆ. ಮೊದಲು ಇದರಲ್ಲಿ ಅವಳಿಗೆ ‘ಮಾ’ ಕೇಳಿಸುತ್ತಲೇ ಇರಲಿಲ್ಲವಂತೆ.

ಬದಿಗಿಟ್ಟಿದ್ದ ಮೂರನೇ ಸರಣಿ ಈಗ ಎದುರಿಗೆ ಬಂದಿದೆ, ಅದೂ ‘ಇಲ್ಲ’ ಅನ್ನುವಾಗ. ‘ಡಾಕ್ಟರು ಇನ್ನೂ ರೋಗಿಯನ್ನು ನೋಡಿಲ್ಲ’ ಎಂದು ತಿಳಿಸಲು ಅವಳು ಎಕಿಮ್ಮಾ ಅರ್ ಗಾಸಿಂಜಾ ಪಾತ್ಸಿಯೆಂತಿ ಅಂದಳು. ವಿಭಕ್ತಿ ಸರಿಯಾಗಿದೆ. ಆದರೆ ಅದರಲ್ಲಿ ಡಾಕ್ಟರು ಬೇಕೆಂದೇ ನೋಡಲಿಲ್ಲ, ನೋಡಲು ಒಪ್ಪಲಿಲ್ಲ ಅನ್ನುವ ಧ್ವನಿ ಬರಬಹುದು. ನರ್ಸ್ ಹುಬ್ಬೇರಿಸಿದರು. ಸುಮ್ಮನೆ ಕೆಲಸ ಆಗಿಲ್ಲ ಅನ್ನುವುದಕ್ಕೆ ಮೂರನೇ ಸರಣಿ ಬೇಕು: ಎಕಿಮ್ಸ್ ಅರ್ ಗಾಉಸಿಂಜಾವ್ಸ್ ಪಾತ್ಸಿಯೆಂತಿ. ನಮ್ಮಲ್ಲೂ ‘ನೋಡಲಿಲ್ಲ’ ಬೇರೆ, ‘ನೋಡಿಲ್ಲ’ ಬೇರೆ. ಅಷ್ಟು ಹೇಳಿದ ಕೂಡಲೇ ಕ್ರಿಯಾಪದ ಅವಳಿಗೆ ಹತ್ತಿತು. ಕರ್ತೃವಿನ ಮೇಲಿನ ‘ಸ್’ ಮಾತ್ರ ಇನ್ನೂ ಬಾಯಿಗೆ ಬರುತ್ತಿಲ್ಲ. ಅವಸರದಲ್ಲಿ ಎಕಿಮ್ಮಾ ಅಂದುಬಿಡುತ್ತಾಳೆ, ಅರ್ಧಕ್ಕೆ ನಿಲ್ಲಿಸಿ ಎಕಿಮ್ಸ್ ಎಂದು ತಿದ್ದಿಕೊಳ್ಳುತ್ತಾಳೆ.